ಕರಿಹಾಸಿನ ಹಾವಸೆ

ಉದ್ದವ್ವ ಸುಳ್ಳು ಹೇಳುವ ಹೆಂಗಸಲ್ಲ. ಆದರೆ ಖರೆ ಮಾತನ್ನು ಮೆತ್ತಗೆ ಹೇಳುವ ರೂಢಿಯೂ ಅವಳಿಗಿರಲಿಲ್ಲ. ಅವಳು ತನ್ನ ಅಂಗಳದಲ್ಲಿ ನಿಂತು ಮಾತಾಡಿದರೆ ಅಗಸಿಕಟ್ಟೆಯ ಮೇಲೆ ಕೂತವರಿಗೂ ಸುದ್ದಿ ಮುಟ್ಟುತ್ತದೆ ಎಂದು ಕೇರಿಯ ಗಂಡಸರು ನಗುತ್ತಿದ್ದರು. ನಗುವ ಮೊದಲು ಅವಳು ಹತ್ತಿರದಲ್ಲಿಲ್ಲ ಎಂಬುದನ್ನು ಮಾತ್ರ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಹೀಗಾಗಿ ಕರಿಹಾಸಿನ ಬುಡದಲ್ಲಿ ವೀರಪ್ಪ ಸಾವಕಾರ ಜಾಲಿಮುಳ್ಳಿನ ಬೇಲಿ ಹಾಕಿಸಿದ ಮುಂಜಾನೆ, ಖಾಲಿ ಕೊಡ ಹಿಡಿದು ನಿಂತ ಹೆಂಗಸರೆಲ್ಲ ಬೇಲಿಯನ್ನು ನೋಡುವುದು ಬಿಟ್ಟು ಉದ್ದವ್ವನ ಮುಖ ನೋಡಿದರು.

ಕರಿಹಾಸು ಎಂದರೆ ಗುಡ್ಡದ ಮೈಗೆ ಒರಗಿ ಮಲಗಿದ ದೊಡ್ಡ ಹಾಸುಬಂಡೆ. ಅದರ ಮೇಲೆ ಹುಲ್ಲಿಲ್ಲ, ಮಣ್ಣಿಲ್ಲ, ನೆರಳಿಗೆ ಒಂದು ಕಾರಿಗಿಡವೂ ಇಲ್ಲ. ಅದನ್ನು ಹತ್ತಿ ದಾಟಿ ಆಚೆ ಬದಿಗೆ ಇಳಿದರೆ ಸರಕಾರಿ ಗಾಯರಾಣದಲ್ಲಿ, ಅಂದರೆ ದನ ಮೇಯಲು ಬಿಟ್ಟ ಜಾಗದಲ್ಲಿ, ಒಂದು ಒರತೆ. ಎಂಥ ಬೇಸಿಗೆಯಲ್ಲೂ ಬತ್ತದ ಒರತೆ ಅದು. ಊರೊಳಗೆ ಬಾವಿಗಳಿದ್ದವು, ನಿಜ. ಕೇರಿಯವರ ಕೊಡವೂ ಅವುಗಳಲ್ಲಿ ಇಳಿಯಬಹುದು ಎಂದು ಸ್ವರಾಜ್ಯ ಬಂದ ಮೇಲಿನ ಕಾಯಿದೆ ಹೇಳುತ್ತಿತ್ತು. ಕಾಯಿದೆ ಹುಕ್ಕೇರಿಯಲ್ಲಿತ್ತು, ಬಾವಿ ಊರಲ್ಲಿತ್ತು. ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲ. ಯುಗಾದಿ ದಾಟಿತೆಂದರೆ ಕೇರಿಗೆ ಕರಿಹಾಸಿನ ಆಚೆಯ ಒರತೆಯೊಂದೇ ಗತಿ. ಗುಡ್ಡ ಸುತ್ತಿ ಹೋಗುವ ದಾರಿ ಒಂದಿತ್ತು. ಆ ದಾರಿಯಲ್ಲಿ ಒಂದು ಕೊಡ ತರುವಷ್ಟರಲ್ಲಿ ಕೂಲಿಯ ಹೊತ್ತು ಮೀರಿ, ಬೆವರಿಗೆ ಅರ್ಧ ಕೊಡ ಕುಡಿದೇ ಮುಗಿದಿರುತ್ತಿತ್ತು.

ವೀರಪ್ಪ ಕೆಟ್ಟವನೆಂದು ಹೇಳಿದರೆ ಅದು ಪೂರ್ತಿ ಖರೆಯಾಗದು. ಅವನು ಬಸವಣ್ಣನ ಹೆಸರು ಹೇಳದೆ ತುತ್ತು ಎತ್ತುವವನಲ್ಲ, ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವವನೂ ಅಲ್ಲ. ಬಂದವರು ಯಾರು ಎಂಬುದರ ಮೇಲೆ ಎಲೆ ಎಲ್ಲಿ ಹಾಕಬೇಕೆಂದು ನಿಶ್ಚಯಿಸುತ್ತಿದ್ದ, ಅಷ್ಟೆ. ಅವನಿಗಿದ್ದ ದೊಡ್ಡ ಚಟವೆಂದರೆ ಹೊಗಳಿಸಿಕೊಳ್ಳುವುದು. ಆ ವರ್ಷ ಹುಕ್ಕೇರಿಯ ಕಡೆ ಬಸ್ಸಿನ ರಸ್ತೆ ಹಾಕುತ್ತಿದ್ದರು. ರಸ್ತೆಗೆ ಕಲ್ಲು ಕೊಡುವ ಗುತ್ತಿಗೆ ಹಿಡಿದ ವೀರಪ್ಪ, ಕರಿಹಾಸಿದ್ದ ಜಮೀನನ್ನು ಅದರ ಹಳೆಯ ಮಾಲಕನಿಂದ ಕೊಂಡುಕೊಂಡಿದ್ದ. ಬಂಡೆಗೆ ಸುರಂಗ ಹೊಡೆದು ಒಡೆಯಬೇಕೆಂದರೆ ಅದರ ಮೇಲೆ ದಾರಿ ಇರಬಾರದಲ್ಲ. ಆದ್ದರಿಂದ ದಾರಿಯೇ ಇಲ್ಲ ಎಂದುಬಿಟ್ಟ.

"ಹಿಂದಿನ ಮಾಲಕ ಪಾಪ ಅಂತ ಎರಡ ವರ್ಷ ಬಿಟ್ಟಿದ್ದ. ಅದಕ್ಕ ದಾರಿ ಅಂತಾರೇನ?" ಎಂದು ಕಟ್ಟೆಯ ಮೇಲೆ ಕೂತು ಕೇಳಿದ. ಕಟ್ಟೆಯ ಮೇಲಿದ್ದವರು ಅವನ ಎಲೆಅಡಿಕೆ ಜಗಿಯುತ್ತಿದ್ದರು. ಯಾರೂ ಬಾಯಿ ತೆರೆಯಲಿಲ್ಲ.

ಉದ್ದವ್ವ ಬಾಯಿ ತೆರೆದಳು. ನಡೆದುಕೊಂಡೇ ಹುಕ್ಕೇರಿಗೆ ಹೋಗಿ ತಾಲೂಕಿನ ದೊಡ್ಡ ಅಧಿಕಾರಿ ಮಾಮಲೇದಾರರ ಕಚೇರಿಯಲ್ಲಿ ಅರ್ಜಿ ಕೊಟ್ಟಳು. ಮಾಮಲೇದಾರರು ಕನ್ನಡಕದ ಮೇಲಿಂದ ಅವಳನ್ನು ನೋಡಿ, "ನಾನ ಬಂದು ನೋಡತೀನಿ. ಹಳೇ ದಾರಿ ಅಂತ ತೋರಿಸಿದ್ರ ಬೇಲಿ ತಗಸ್ತೀನಿ. ತೋರಸಾಕ ಆಗದಿದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು. ಬರುವುದು ಒಂದೇ ಸಲ, ತೀರ್ಪು ಅಲ್ಲೇ. ಆಮೇಲೆ ಬಂಡೆಯೂ ಇರುವುದಿಲ್ಲ, ದಾರಿಯ ಮಾತೂ ಇರುವುದಿಲ್ಲ.

ಸಾಕ್ಷಿಗಾಗಿ ಉದ್ದವ್ವ ಊರೆಲ್ಲ ಓಡಾಡಿದಳು. ಕೇರಿಯವರ ಮಾತು ನಡೆಯದು, ಅವರದೇ ಅರ್ಜಿ. ಊರವರು ಹೇಳಬೇಕು, ಹೇಳುವವರಿಲ್ಲ. ಕೊನೆಗೆ ಅವಳು ವೀರಪ್ಪನ ಹಿತ್ತಲಿಗೇ ಹೋದಳು. ಅಲ್ಲಿ ಅವನ ತಾಯಿ ಯಮನವ್ವ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಊರಲ್ಲಿ ಅವಳಿಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ.

"ಅವ್ವಾರ, ನಿಮಗ ಗೊತ್ತೈತಿ. ನನ್ನವ್ವ ಆ ದಾರಿಗುಂಟ ನೀರ ಹೊತ್ತಿದ್ದು ನೀವು ನೋಡೀರಿ. ಒಂದ ಮಾತ ಹೇಳ್ರಿ ಸಾಕು."

ಯಮನವ್ವ ಹುಣಸೆಬೀಜವನ್ನು ಬೆರಳಲ್ಲಿ ಒತ್ತಿ ತೆಗೆದಳು. "ಮಗನ ವ್ಯವಹಾರ ತಂಗಿ. ಅದರಾಗ ನಾ ಏನ ಹೇಳಲಿ?" ಎಂದಳು. ಮುಖ ಮಾತ್ರ ಮೇಲೆತ್ತಲಿಲ್ಲ.

ಅಂದು ಸಂಜೆ ಉದ್ದವ್ವನ ಗಂಡ ಗುಡ್ಡಪ್ಪ ಒಲೆಯ ಮುಂದೆ ಕೂತು ಕೈ ಚೆಲ್ಲಿದ. ಅವನು ಹೆಸರಿಗೆ ತಕ್ಕ ಹಾಗೆ ಗುಡ್ಡದಂಥ ಆಳು. ಮಾತು ಮಾತ್ರ ಸಾಸಿವೆಯಷ್ಟು. "ಮಣ್ಣಿನ ದಾರಿಯಾಗಿದ್ರ ಹೆಜ್ಜಿ ಮೂಡಿರ್ತಿತ್ತು. ಕಲ್ಲಿನ ಮ್ಯಾಲ ಏನ ತೋರಸ್ತಿ?"

"ಕಲ್ಲನ್ನ ತೋರಸ್ತೀನ್ರಿ," ಎಂದಳು ಉದ್ದವ್ವ.

"ಹಾಂ?"

"ಕಲ್ಲಿನ ಮ್ಯಾಲ ಹಾವಸಿ ಐತಲ್ಲ, ಅದನ್ನ."

ಗುಡ್ಡಪ್ಪ ಹೆಂಡತಿಯ ಹಣೆ ಮುಟ್ಟಿ ನೋಡಿದ, ಜ್ವರವಿರಲಿಲ್ಲ.

ಕರಿಹಾಸಿಗೆ ಆ ಹೆಸರು ಬಂದದ್ದೇ ಹಾವಸೆಯಿಂದ. ಪಾಚಿ ಎಂದರೂ ಅದೇ. ಆದರೆ ಬಚ್ಚಲಿನ ಪಾಚಿಯ ಹಾಗೆ ಅದು ನೀರಲ್ಲಿ ಕೊಳೆತುಕೊಂಡು ಬಿದ್ದಿರುವ ಜಾತಿಯದಲ್ಲ. ಮಣ್ಣು ಬೇಡ, ನೆರಳು ಬೇಡ, ಯಾರ ಉಪಕಾರವೂ ಬೇಡ. ಬರೀ ಬಂಡೆ ಸಿಕ್ಕರೆ ಸಾಕು, ಅಲ್ಲೇ ಕಚ್ಚಿ ಕೂತುಬಿಡುತ್ತದೆ. ಬೆರಳ ಉಗುರಿನಷ್ಟೂ ಎತ್ತರವಿಲ್ಲ. ಬೇಸಿಗೆ ಬಂದರೆ ಮುರುಟಿ, ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಂತೆ ಒಣಗುತ್ತದೆ. ಬಂಡೆಯೂ ಕಪ್ಪು, ಹಾವಸೆಯೂ ಕಪ್ಪು, ಮೇಲೆ ಊರಿನ ಧೂಳು. ಸತ್ತಿದೆ ಎಂದು ಯಾರಾದರೂ ಪ್ರಮಾಣ ಮಾಡಿ ಹೇಳಬಹುದು. ಅದರ ಮೇಲೆ ಒಂದು ಹನಿ ನೀರು ಬೀಳಲಿ, ನೋಡುತ್ತ ನಿಂತಂತೆಯೇ ಅರಳಿ ಹಸಿರಾಗುತ್ತದೆ. ನೀರು ತುಳುಕಿದ ಕೊಡದ ಹಿಂದೆ ಹಸಿರು ಚುಕ್ಕೆಗಳು ಏಳುವುದನ್ನು ಕೇರಿಯ ಪ್ರತಿ ಹೆಂಗಸೂ ನೋಡಿದ್ದಳು. ಆಡು ಕಾಯುವ ಪೋರರು ಅದರ ಮೇಲೆ ಉಚ್ಚೆ ಹೊಯ್ದು ಚಿತ್ರ ಬಿಡಿಸುವ ಆಟ ಆಡುತ್ತಿದ್ದರು. ಉದ್ದವ್ವನೂ ಸಣ್ಣವಳಿದ್ದಾಗ ಆಡು ಕಾದವಳೇ. ಅವಳು ಬಾಯಲ್ಲಿ ನೀರು ತುಂಬಿಕೊಂಡು ಉಗುಳಿ ಚಿತ್ರ ಬರೆಯುತ್ತಿದ್ದಳು.

"ಕಾಲ ಬಿದ್ದಲ್ಲಿ ಹಾವಸಿ ಕೂಡೂದಿಲ್ಲ," ಎಂದು ಗಂಡನಿಗೆ ಬಿಡಿಸಿ ಹೇಳಿದಳು. "ನನ್ನವ್ವ, ಆಕಿ ಅವ್ವ, ಅವರವ್ವ, ಎಲ್ಲಾರೂ ಒಂದ ಜಾಗಾದಾಗ ಕಾಲ ಇಟ್ಟ ಹ್ವಾದ್ರು. ಅಲ್ಲಿ ಬರೇ ಕಲ್ಲ ಇರತೈತಿ. ಅತ್ತಾಗ ಇತ್ತಾಗ ಹಾವಸಿ. ಈಗ ಎಲ್ಲಾ ಒಂದ ಬಣ್ಣ ಕಾಣತೈತಿ. ನೀರ ಬಿತ್ತಂದ್ರ ಬ್ಯಾರೆ ಬ್ಯಾರೆ ಆಗತೈತಿ. ಎರಡ ವರ್ಷದ ಹೆಜ್ಜಿಗೆ ಅಷ್ಟು ಬೋಳ ಆಗೂದಿಲ್ರಿ, ಕುರುಡಗೂ ತಿಳೀತೈತಿ."

"ನೀ ಪೂರಾ ದಾರಿ ಹಂಗ ಕಂಡಿದ್ದು ನೋಡಿಯೇನ?"

ಉದ್ದವ್ವ ನೋಡಿರಲಿಲ್ಲ. ಮಳೆಗಾಲದಲ್ಲಿ ಹಳ್ಳಕೊಳ್ಳಕ್ಕೆಲ್ಲ ನೀರು ಬರುತ್ತದೆ, ಜಾರುವ ಬಂಡೆಯ ಮೇಲೆ ಯಾರೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಹೋಗುವಾಗ ತಲೆಯ ಮೇಲೆ ಕೊಡ, ಕಣ್ಣು ಮುಂದಿನ ಹೆಜ್ಜೆಯ ಮೇಲೆ. "ನೋಡಿಲ್ಲ," ಎಂದಳು. "ಆದ್ರ ನನ್ನ ಕಾಲಿಗೆ ಗೊತ್ತೈತಿ."

"ಅಷ್ಟು ದೊಡ್ಡ ಕಲ್ಲ ತೊಯ್ಯಾಕ ನೀರ ಎಲ್ಲೀದು? ಕೇರಿ ಕೊಡ ಎಲ್ಲಾ ತಂದು ಸುರುವಿದ್ರೂ ಒಂದ ಮೂಲಿ ತೊಯ್ಯೂದಿಲ್ಲ."

"ಸಾವ್ಕಾರ್ರ ಬಾವ್ಯಾಗ ಐತಿ."

ಗುಡ್ಡಪ್ಪ ಈ ಸಲ ಹೆಂಡತಿಯ ಹಣೆ ಮುಟ್ಟಲಿಲ್ಲ. ತನ್ನ ಹಣೆ ಮುಟ್ಟಿಕೊಂಡ.

ಮಾಮಲೇದಾರ ಸಾಹೇಬರು ಬರುವ ಹಿಂದಿನ ದಿನ ವೀರಪ್ಪ ಕರಿಹಾಸಿನ ನೆತ್ತಿಯ ಮೇಲೆ ಹಂದರ ಹಾಕಿಸುತ್ತಿದ್ದ. ಬುಡದಲ್ಲಿ ಬೇವಿನ ನೆರಳಿತ್ತು, ಅಲ್ಲಿ ಕೂಡಿಸಬಹುದಿತ್ತು. ಆದರೆ ನೆತ್ತಿಯಿಂದ ನೋಡಿದರೆ ಇಡೀ ಬಂಡೆ ಕಣ್ಣಿಗೆ ಬೀಳುತ್ತದೆ. ಎಲ್ಲೂ ದಾರಿಯ ಗುರುತಿಲ್ಲ ಎಂದು ಸಾಹೇಬರು ತಾವೇ ನೋಡಲಿ, ಜತೆಗೆ ತನ್ನ ಕಲ್ಲಿನ ಆಸ್ತಿಯನ್ನೂ ನೋಡಲಿ ಎಂಬುದು ಅವನ ಆಸೆ. ಉದ್ದವ್ವ ಬೇಲಿಯ ಆಚೆ ಬದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಂದರ ಚಲೋ ಆಗೇತ್ರಿ ಸಾವ್ಕಾರ್ರ," ಎಂದು ಕೆಳಗಿನಿಂದಲೇ ಕೂಗಿದಳು. "ಆದ್ರ ಕಲ್ಲೋಳಿಯಷ್ಟು ಆಗಂಗಿಲ್ಲ ಬಿಡ್ರಿ."

ವೀರಪ್ಪ ತಿರುಗಿ ನೋಡಿದ. ಅವಳ ಜತೆ ಮಾತಾಡಬಾರದೆಂದು ಅವನು ನಿಶ್ಚಯಿಸಿ ಎಷ್ಟೋ ದಿನವಾಗಿತ್ತು. "ಕಲ್ಲೋಳ್ಯಾಗ ಏನಾಗಿತ್ತು?" ಎಂದ.

"ನಿಮ್ಮ ಬೀಗ್ರು ಸೋಮಪ್ಪ ಸಾವ್ಕಾರ್ರು ಹ್ವಾದ ಬ್ಯಾಸಗ್ಯಾಗ ಪ್ರಾಂತ ಸಾಹೇಬ್ರನ್ನ ಕರಸಿದ್ರಲ್ರಿ. ಸಾಹೇಬ್ರ ಕಾಲಿಗೆ ಬಿಸಿ ತಾಗಬಾರದಂತ ಅಂಗಳಕ್ಕೆಲ್ಲಾ ನೀರ ಹೊಡಿಸಿದ್ರಂತ. ಅಂಕಲಗಿ ಸಂತ್ಯಾಗ ಇವತ್ತಿಗೂ ಅದ ಮಾತು. ಮಾಡಿದ್ರ ಹಂಗ ಮಾಡಬೇಕ ಅಂತಾರ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಂತೆಯಲ್ಲಿ ಅವಳು ತನ್ನ ಕಿವಿಯಿಂದಲೇ ಕೇಳಿದ್ದಳು.

"ನಿನಗ್ಯಾಕ ಬೇ ಸಾಹೇಬ್ರ ಕಾಲಿನ ಚಿಂತಿ?"

"ಅವರು ಬರಾಕತ್ತಿದ್ದು ನನ್ನ ಅರ್ಜಿಗೆ ರೀ. ನಡಮಧ್ಯಾಹ್ನ ಈ ಕಲ್ಲ ಹಂಚಿನಂಗ ಕಾಯತೈತಿ. ಕಾಲ ಸುಟ್ಟಕೊಂಡು ಸಿಟ್ಟಾದ್ರ ನಿಮಗೇನ? ನನ್ನ ಅರ್ಜಿ ಹರದ ಒಗೀತಾರ."

ಇದೂ ಸುಳ್ಳಲ್ಲ. ವೀರಪ್ಪ ಮೀಸೆಯ ಮೇಲೆ ಕೈ ಎಳೆದ.  ಮಗಳ ಮದುವೆಯಲ್ಲಿ ತಾನು ಬಡಿಸಿದ ಹೋಳಿಗೆಯನ್ನು ಬೀಗ ಸೋಮಪ್ಪ ದಪ್ಪವೆಂದದ್ದನ್ನು ಅವನು ಮರೆತಿರಲಿಲ್ಲ. ಹಂದರದ ಗಳ ಕಟ್ಟುತ್ತಿದ್ದ ಆಳು ದುಂಡಪ್ಪನನ್ನು ಕೂಗಿದ.

"ದುಂಡಪ್ಪಾ, ನಾಳಿ ನಮ್ಮ ಬಾವಿ ನೀರಿನ ಪಖಾಲಿ ಹೊರಸು. ಒಂದಲ್ಲ, ಊರಾಗ ಎಷ್ಟ ಕೋಣ ಅದಾವ ಅಷ್ಟು. ಕಲ್ಲೋಳಿಯವರು ಅಂಗಳಕ್ಕ ಹೊಡಿಸಿದ್ರ, ನಾ ಗುಡ್ಡಕ್ಕ ಹೊಡಸ್ತೀನಿ. ಸಾಹೇಬ್ರ ಜೀಪು ರಸ್ತ್ಯಾಗ ಕಂಡ ಮ್ಯಾಲ ಹೊಡೀರಿ, ಮೊದಲ ಹೊಡದ್ರ ಆರಿ ಹೋಗತೈತಿ."

"ಮ್ಯಾಲಿಂದ ಬಿಡ್ರಿ ದುಂಡಪ್ಪಣ್ಣ," ಎಂದಳು ಉದ್ದವ್ವ. "ತಾನ ಹರಕೊಂಡು ಬರತೈತಿ. ಕೋಣಕ್ಕೂ ತ್ರಾಸ ಕಡಿಮಿ."

ಮರುದಿನ ಹೊತ್ತು ನೆತ್ತಿಗೇರುವ ಮೊದಲೇ ಕೇರಿಯ ಹೆಂಗಸರೆಲ್ಲ ಬೇಲಿಯ ಹೊರಗೆ ಸೇರಿದರು. ಬೇವಿನ ಕೆಳಗೆ ಪಖಾಲಿಯ ಕೋಣಗಳು, ಬೆನ್ನ ಎರಡೂ ಬದಿಗೆ ನೀರು ತುಂಬಿದ ತೊಗಲಿನ ಚೀಲ ಇಳಿಬಿಟ್ಟುಕೊಂಡು, ಬಾಲದಲ್ಲಿ ನೊಣ ಹೊಡೆಯುತ್ತ ನಿಂತಿದ್ದವು. ವೀರಪ್ಪನ ಚಕ್ಕಡಿಯಲ್ಲಿ ಯಮನವ್ವನೂ ಬಂದಳು. ಸಾಹೇಬರಿಗೆ ಮಜ್ಜಿಗೆ ತನ್ನ ಕೈಯಿಂದಲೇ ಹದ ಆಗಬೇಕೆಂದು ಮಗನ ಹಟ. ಅವಳನ್ನು ಪಕ್ಕದಲ್ಲಿ ವೀರಪ್ಪ ಆ ದಿನಕ್ಕಾಗಿ ಕಲ್ಲು ಪೇರಿಸಿ ಮಾಡಿಸಿದ ಮೆಟ್ಟಿಲಿನಿಂದ ನಿಧಾನಕ್ಕೆ ಹತ್ತಿಸಿ ಹಂದರದ ಮೂಲೆಯಲ್ಲಿ ಕೂಡಿಸಿದರು. ಅವಳು ಗಡಿಗೆಯ ಮುಂದೆ ಕೂತು ಕೆಳಗಿದ್ದ ಉದ್ದವ್ವನ ಕಡೆ ಒಮ್ಮೆ ನೋಡಿದಳು, ಸೆರಗು ಎಳೆದುಕೊಂಡಳು.

ರಸ್ತೆಯಲ್ಲಿ ಕೆಂಧೂಳು ಎದ್ದಿತು. ವೀರಪ್ಪ ಪಟಕ ಸರಿಮಾಡಿಕೊಂಡು ಸಾಹೇಬರನ್ನು ಎದುರುಗೊಳ್ಳಲು ಓಡಿದ. ದುಂಡಪ್ಪ ಕೋಣಗಳನ್ನು ಮೆಟ್ಟಿಲಿನ ಬದಿಯಿಂದ ನೆತ್ತಿಗೆ ಹೊಡೆದುಕೊಂಡು ಹೋಗಿ ಪಖಾಲಿಯ ಬಾಯಿ ಬಿಚ್ಚಿದ.

ಕಾದ ಬಂಡೆಯ ಮೇಲೆ ನೀರು ಚುರ್ರೆಂದಿತು. ಹಸಿಮಣ್ಣಿನ ವಾಸನೆ ಎದ್ದು ಹೆಂಗಸರು ಅದಕ್ಕೇ ಮೂಗರಳಿಸಿದರು. ಧೂಳು ಕೆಸರಾಗಿ ಹರಿಯಿತು, ಅದರ ಹಿಂದೆ ತಿಳಿನೀರು ಹರಿಯಿತು. ಒಂದು ಪಖಾಲಿ ಮುಗಿಯಿತು, ಇನ್ನೊಂದು, ಮತ್ತೊಂದು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಉದ್ದವ್ವನ ಎದುರಿಗೇ ಬಂಡೆಯ ಕಪ್ಪು ಬಣ್ಣ ಮೆಲ್ಲಗೆ ಸಡಿಲಾಯಿತು. ಮುರುಟಿದ್ದ ಸಣ್ಣ ಸಣ್ಣ ಎಲೆಗಳು ಬಿಚ್ಚಿಕೊಂಡವು. ಅಲ್ಲಿ ಹಸಿರು, ಇಲ್ಲಿ ಹಸಿರು, ಮೇಲೆಲ್ಲ ಹಸಿರು.

ಅಷ್ಟೇ ಕಂಡದ್ದು. ಬುಡದಲ್ಲಿ ನಿಂತವರಿಗೆ ತೇಪೆ ತೇಪೆಯಾಗಿ ಹಸಿರು ಕಂಡಿತೇ ಹೊರತು ದಾರಿ ಕಾಣಲಿಲ್ಲ. ಉದ್ದವ್ವ ಹಿಮ್ಮಡಿ ಎತ್ತಿ ನೋಡಿದಳು, ಪಕ್ಕಕ್ಕೆ ಸರಿದು ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ಅನುಮಾನ ಬಂತು. ಆದರೆ ಅದನ್ನು ಮುಖದ ಮೇಲೆ ಬರಗೊಡುವ ಪೈಕಿ ಅವಳಲ್ಲ. ಪಕ್ಕದ ಹೆಂಗಸಿಗೆ, "ಸಾಹೇಬ್ರು ಮ್ಯಾಲ ಹೋಗಲಿ ತಡಿ," ಎಂದಳು.

ಸಾಹೇಬರು ಮೇಲೆ ಹೋದರು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, "ತಂಪ ಮಾಡಿಸೀರಿ ವೀರಪ್ಪನವರ, ಬಾಳ ಚಲೋ" ಎಂದರು. ವೀರಪ್ಪನ ಮುಖ ಅರಳಿತು. ಅಂಕಲಗಿಯ ಸಂತೆಯಲ್ಲಿ ಮುಂದೆ ಯಾವ ಮಾತು ನಡೆಯುತ್ತದೆಂದು ಅವನಿಗೆ ಆಗಲೇ ಕೇಳಿಸುತ್ತಿತ್ತು. ಸಾಹೇಬರ ಮುಖಕ್ಕೆ ಮುಖ ಕೊಟ್ಟು ನಿಂತು, ಬಂಡೆಗೆ ಬೆನ್ನು ಹಾಕಿ, ಶುರು ಮಾಡಿದ.

"ಸಾಹೇಬ್ರ, ಇಲ್ಲಿ ದಾರಿ ಅನ್ನೂದ ಎಂದೂ ಇಲ್ರಿ. ಬೇಕಾದ್ರ ನೀವ ಕಣ್ಣಿಂದ ನೋಡ್ರಿ."

ಸಾಹೇಬರು ನೋಡಿದರು. ನೋಡುತ್ತಲೇ ಇದ್ದರು. "ಮತ್ತ ಇವೆರಡು ಏನು?" ಎಂದರು.

ವೀರಪ್ಪ ತಿರುಗಿದ. 

ಎರಡು? ಕೆಳಗೆ ನಿಂತ ಉದ್ದವ್ವನಿಗೂ ಆ ಮಾತು ಕೇಳಿಸಿತು. ಅವಳ ಲೆಕ್ಕದಲ್ಲಿ ಎರಡಿರಲಿಲ್ಲ. "ಸಾಹೇಬ್ರ, ಅರ್ಜಿ ನಂದ ರೀ. ನಾನೂ ಬಂದು ನೋಡಲೇನ್ರಿ?" ಎಂದು ಕೂಗಿ, ಅವರು ಕೈ ಬೀಸಿದ್ದೇ ತಡ ಮೆಟ್ಟಿಲಿನ ಬದಿಯಿಂದ ಹತ್ತಿ, ಹಂದರಕ್ಕೆ ತಾಗದಂತೆ ಒಂದು ಕಡೆ ನಿಂತಳು.

ಇಡೀ ಕರಿಹಾಸು ಹಸಿರಾಗಿತ್ತು. ಆ ಹಸಿರಿನ ನಡುವೆ ಕೇರಿಯ ಕಡೆಯಿಂದ ಒಂದು ಬೋಳು ದಾರಿ ಹತ್ತಿ ಬಂದಿತ್ತು, ತೊಳೆದಿಟ್ಟ ಕಪ್ಪು ಕಲ್ಲು, ಹಾವಸೆಯ ಒಂದು ಎಳೆಯೂ ಇಲ್ಲ. ಅದು ಅವಳದು. ಎಲ್ಲಿ ಬಾಗುತ್ತದೆ, ಎಲ್ಲಿ ಕೊಡ ಇಳಿಸಿ ದಮ್ಮು ಹಿಡಿಯಲು ಅಗಲವಾಗುತ್ತದೆ, ಎಲ್ಲ ಅವಳ ಕಾಲು ಹೇಳಿದ ಹಾಗೆಯೇ ಇತ್ತು. ಆದರೆ ಊರ ಕಡೆಯಿಂದ ಇನ್ನೊಂದು ಬಂದಿತ್ತು. ಅದರ ಮೇಲೆ ಎಳೆಯ ಹಾವಸೆ ತೆಳ್ಳಗೆ ನವಿರಾಗಿ ಕೂತಿತ್ತು, ಪೂರ್ತಿ ಮುಚ್ಚಿರಲಿಲ್ಲ. ಎರಡೂ ಒಂದು ಕಡೆ ಹತ್ತಿರ ಬಂದು, ಅಕ್ಕಪಕ್ಕದಲ್ಲೇ ಬಂಡೆ ಹತ್ತಿ, ಅಕ್ಕಪಕ್ಕದಲ್ಲೇ ಒರತೆಯ ಕಡೆ ಇಳಿದಿದ್ದವು. ನಡುವೆ ದಟ್ಟ ಹಸಿರಿನ ಒಂದು ಪಟ್ಟಿ. ಆ ಉದ್ದಕ್ಕೂ ಎಲ್ಲಿಯೂ, ಒಂದೇ ಒಂದು ಕಡೆಯೂ, ಆ ಪಟ್ಟಿ ತುಂಡಾಗಿರಲಿಲ್ಲ.

"ಇದೇನಮ್ಮಾ?" ಎಂದು ಸಾಹೇಬರು ಕೇಳಿದರು.

"ಆ ಬೋಳ ಇರೂದು ನಮ್ಮದ್ರಿ. ಕಾಲ ಬಿದ್ದಲ್ಲಿ ಹಾವಸಿ ಬರೂದಿಲ್ರಿ. ಇನ್ನೊಂದು..." ಉದ್ದವ್ವ ತಡೆದಳು. ಯಾರದೋ ಹೆಸರು ಹೇಳಿಬಿಟ್ಟರೆ ಮುಗಿಯುತ್ತಿತ್ತು. "ಇನ್ನೊಂದು ನನಗ ಗೊತ್ತಿಲ್ರಿ."

ವೀರಪ್ಪನಿಗೆ ಜೀವ ಬಂತು. "ನೋಡ್ರಿ ಸಾಹೇಬ್ರ! ಆಕಿನ ಗೊತ್ತಿಲ್ಲ ಅಂತಾಳ. ಊರ ಕಡಿಂದ ಇಲ್ಲಿ ಯಾರ ಬರತಾರ್ರಿ? ನಮ್ಮೂರಾಗ ಬಾವಿ ಇಲ್ಲೇನ? ಇವೆಲ್ಲಾ ಕಲ್ಲಿನ ಗೆರಿ ರೀ, ಹುಟ್ಟಿದಾಗಿಂದ ಇರತಾವ. ಅದು ಗೆರಿ ಅಂದಮ್ಯಾಲ ಇದೂ ಗೆರಿನ."

ಸಾಹೇಬರು ಗಲ್ಲ ಕೆರೆದುಕೊಂಡರು. ಅವನ ಮಾತಿನಲ್ಲಿ ನ್ಯಾಯವಿಲ್ಲ ಎನ್ನುವಂತಿರಲಿಲ್ಲ. ಒಂದಕ್ಕೆ ಕಾರಣ ಸಿಗದಿದ್ದರೆ ಎರಡನೆಯದನ್ನು ನಂಬುವುದು ಹೇಗೆ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೆ ಕೇರಿಯ ನೀರು ಹೋಗುವುದಾದರೆ, ಅಂಥ ಖರೆ ಯಾರಿಗೆ ಬೇಕಾಗಿತ್ತು ಎಂದು ಉದ್ದವ್ವನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

"ಅದು ನಂದು," ಎಂದಿತು ಒಂದು ಧ್ವನಿ.

ಯಮನವ್ವ ಎದ್ದು ನಿಂತಿದ್ದಳು. ಕೈಯಲ್ಲಿ ಮಜ್ಜಿಗೆಯ ಸೌಟು ಹಾಗೆಯೇ ಇತ್ತು. ಕಣ್ಣು ಕೆಳಗಿನ ಬಂಡೆಯ ಮೇಲಿತ್ತು.

"ಅವ್ವಾ, ನೀ ಸುಮ್ನಿರು," ಎಂದ ವೀರಪ್ಪ.

"ಸುಮ್ನ ಇದ್ದೆನಲ್ಲೋ ಇಷ್ಟ ದಿನ." ಅವಳು ಸಾಹೇಬರ ಕಡೆ ತಿರುಗಿದಳು. "ಊರಾಗ ಬಾವಿ ತೋಡೂಕಿಂತ ಮೊದಲ ನಾವೂ ಈ ಒರತಿ ನೀರ ಕುಡೀತಿದ್ವಿ ಸಾಹೇಬ್ರ. ನಾ ಆಗ ಹೊಸಾ ಸೊಸಿ. ದಿನಾ ಮುಂಜಾನೆ ಕೊಡ ಹೊತ್ತು ಬರತಿದ್ದೆ. ಇಕಿ ಅವ್ವ ಕಾಡವ್ವನೂ ಬರತಿದ್ಲು. ಆಕಿ ಆ ಕಡೆ, ನಾ ಈ ಕಡೆ. ಮುಟ್ಟಬಾರದಲ್ಲ, ಅದಕ್ಕ ನಡುವ ಅಷ್ಟ ಜಾಗಾ. ಎಲ್ಲಾರೂ ಹಂಗ. ಕಲ್ಲಿನ ಮ್ಯಾಲೂ ನಾವು ಬ್ಯಾರೆ ಬ್ಯಾರೆನ ನಡದ್ವಿ."

ಸಾಹೇಬರು ನಡುವಿನ ಹಸಿರು ಪಟ್ಟಿಯನ್ನು ಮತ್ತೊಮ್ಮೆ ನೋಡಿದರು.

"ಆದ್ರ ಮಾತಾಡಕೋತ ಹೋಗತಿದ್ವಿ," ಎಂದಳು ಯಮನವ್ವ. "ಮಾತಿಗೆ ಮೈಲಿಗಿ ಇರಲಿಲ್ಲ ನೋಡ್ರಿ. ನನ್ನತ್ತಿ ನನಗ ಏನೇನ ಮಾಡಿದ್ಲು ಅನ್ನೂದನ್ನ ಕಾಡವ್ವನ ಮುಂದ ಹೇಳಿದಷ್ಟು ಹೆತ್ತವ್ವನ ಮುಂದನೂ ಹೇಳಿಲ್ಲ. ಬಾವಿ ಆತು, ನಾ ಬರೂದು ಬಿಟ್ಟೆ. ಆಕಿ ಸತ್ತಾಗೂ ಹೋಗಲಿಲ್ಲ. ನಮ್ಮ ಹೆಜ್ಜಿ ಇನ್ನೂ ಮುಚ್ಚಿಲ್ಲ ಅನ್ನೂದ ನನಗ ಗೊತ್ತ ಇರಲಿಲ್ಲ."

ಸಾಹೇಬರು ಪೆನ್ನು ತೆಗೆದರು. ಬರೆದು ಮುಗಿಸಿ, ಎದ್ದು ನಿಂತು ಓದಿ ಹೇಳಿದರು: ಇದು ಹಳೆಯ ರೂಢಿಯ ದಾರಿ, ಬೇಲಿ ಈಗಲೇ ತೆಗೆಯಬೇಕು, ದಾರಿ ಇರುವ ಬಂಡೆಯನ್ನು ಒಡೆಯಕೂಡದು. ವೀರಪ್ಪನ ಮುಖ ಕಪ್ಪಿಟ್ಟಿತು. ಆದರೂ ಮನೆತನದ ಮಾತು ಅದು. ಅತಿಥಿಯ ಎದುರು ಸೋತವನಂತೆ ಕಾಣುವುದು ಅವನಿಂದ ಆಗದು. "ದುಂಡಪ್ಪಾ, ಮುಳ್ಳ ತಗಿ," ಎಂದು ಕೂಗಿದ. ಆಮೇಲೆ ತಾನೇ ಸಾಹೇಬರಿಗೆ ಮಜ್ಜಿಗೆ ಕೊಟ್ಟ, ಇನ್ನೊಂದು ಲೋಟ ತಗೊಳ್ಳಲೇಬೇಕೆಂದು ಹಟ ಮಾಡಿದ.

ಬೇಲಿ ಬಿದ್ದದ್ದೇ ತಡ ಹೆಂಗಸರು ಕೊಡ ಹೊತ್ತು ಬಂಡೆ ಏರಿದರು. ಯಾರೋ ಸೋಬಾನೆ ಎತ್ತಿಕೊಂಡರು, ಯಾರೋ ನಕ್ಕರು. ಉದ್ದವ್ವ ನೆತ್ತಿಯಿಂದಲೇ ದಾರಿಗೆ ಇಳಿದು ಎಲ್ಲರಿಗಿಂತ ಮುಂದಾದಳು. ಅವಳಿಗೆ ನಡೆಯುವುದೆಂದರೆ ಅರ್ಧ ಓಟ.

ಹಿಂದೆ ಏನೋ ಸದ್ದಾಯಿತು. ತಿರುಗಿದರೆ ಯಮನವ್ವ ಹಂದರ ಬಿಟ್ಟು ತನ್ನ ದಾರಿಯ ಮೇಲೆ ನಿಂತಿದ್ದಳು. ಒರತೆಯನ್ನು ಒಮ್ಮೆ ನೋಡಬೇಕೆಂದು ಅವಳ ಮನಸ್ಸು. ಎರಡನೆಯ ಹೆಜ್ಜೆಗೇ ತೊಯ್ದ ಹಾವಸೆಯ ಮೇಲೆ ಕಾಲು ಸರ್ರೆಂದು ಜಾರಿ, ಕೈ ಊರಿ ಹೇಗೋ ನಿಂತಿದ್ದಳು.

"ಅವ್ವಾರ, ಅಲ್ಲಿ ಹಾವಸಿ ಬಂದೈತ್ರಿ," ಎಂದಳು ಉದ್ದವ್ವ. "ಜಾರತೈತಿ. ನಮ್ಮ ದಾರೀಗೆ ಬರ್ರಿ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಹೊಳೆಯಿತು. ಸೋಬಾನೆ ನಿಂತಿತು. ಹಂದರದಲ್ಲಿ ವೀರಪ್ಪ ಲೋಟ ಹಿಡಿದು ಎದ್ದ. "ಅವ್ವಾ!" ಎಂದ.

ಯಮನವ್ವ ಮಗನ ಕಡೆ ನೋಡಲಿಲ್ಲ. ತನಗೂ ಉದ್ದವ್ವನಿಗೂ ನಡುವೆ ಇದ್ದ ಹಸಿರು ಪಟ್ಟಿಯನ್ನು ನೋಡಿದಳು. ಒಂದು ಹೆಜ್ಜೆಯ ಅಗಲ, ಹೆಚ್ಚಿಲ್ಲ. ಆಮೇಲೆ ಸೀರೆಯ ನಿರಿಗೆಯನ್ನು ಸ್ವಲ್ಪ ಎತ್ತಿ ಹಿಡಿದು, ಯಾರ ಕಾಲೂ ಬೀಳದ ಆ ಹಾವಸೆಯ ಮೇಲೆ ಕಾಲಿಟ್ಟು, ಈಚೆಗೆ ದಾಟಿದಳು. ತೋಲ ತಪ್ಪದಂತೆ ಉದ್ದವ್ವನ ಹೆಗಲ ಮೇಲೆ ಕೈಯಿಟ್ಟಳು. ಕೈ ಹಗುರಾಗಿತ್ತು. ಉದ್ದವ್ವನ ಕಣ್ಣು ತುಂಬಿತು. 

"ನಡಿ," ಎಂದಳು ಯಮನವ್ವ. "ಲಗೂ ಲಗೂ ನಡೀಬ್ಯಾಡ. ನಿಮ್ಮವ್ವನೂ ಹಿಂಗ, ಮುಂದ ಮುಂದ ಓಡತಿದ್ಲು. ಅರ್ಧಾ ಮಾತು ನನಗ ಕೇಳಸ್ತಿರಲಿಲ್ಲ."

ಉದ್ದವ್ವ ಹೆಜ್ಜೆ ಸಣ್ಣದು ಮಾಡಿದಳು.